ಮೂವತ್ತಾರನೇ ಅಧ್ಯಾಯದವರೆಗೆ

ನಾಲ್ಕಕ್ಕೆ ಚಹಾ, ನಾಲ್ಕೂಕಾಲಿಗೆ ಓದು, ಐದಕ್ಕೆ ಮುಕ್ತಾಯ. ಸದಾಶಿವಗಡದ ನಮ್ಮ ಮನೆಯ ಜಗುಲಿಯಲ್ಲಿ ಒಂದು ವರ್ಷ ಎಂಟು ತಿಂಗಳು ಈ ಕ್ರಮ ತಪ್ಪಲಿಲ್ಲ. ಓದುತ್ತಿದ್ದವಳು ನಾನು. ಕೇಳುತ್ತಿದ್ದವಳು ನನ್ನ ಅಣ್ಣನ ಹೆಂಡತಿ. ಅವಳನ್ನು ನಾನು ವೈನಿ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಾವು ಓದುತ್ತಿದ್ದುದು ಹಳೆಯ ಕಾದಂಬರಿಗಳನ್ನು. ಕಾಗದದ ಪುಸ್ತಕದಲ್ಲಲ್ಲ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಇ-ಬುಕ್ ರೀಡರಿನಲ್ಲಿ.

ನಾನು ಮೂವತ್ನಾಲ್ಕು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದೆ, ಅದರಲ್ಲಿ ಹೆಚ್ಚಿನ ಕಾಲ ಅಂಕೋಲೆಯಲ್ಲಿ. ತರಬೇತಿಯ ಹಾಸ್ಟೆಲಿನಲ್ಲಿ ಬೆಳಗಿನ ಐದಕ್ಕೆ ಗಂಟೆ ಹೊಡೆಯುತ್ತಿತ್ತು. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ನಮ್ಮ ಹಿರಿಯ ಸಿಸ್ಟರ್ ಅದನ್ನು ಕಿತ್ತು ನೆಲಕ್ಕೆ ಹಾಕಿ, ಮತ್ತೆ ಹಾಸು ಎನ್ನುತ್ತಿದ್ದರು. ಆಗ ಅಳು ಬರುತ್ತಿತ್ತು. ಆಮೇಲೆ ಅದೇ ನನ್ನ ಸ್ವಭಾವವಾಯಿತು. ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ಅಣ್ಣನ ಮನೆಗೆ ಬಂದೆ. ಅಷ್ಟರಲ್ಲಿ ಅಣ್ಣ ತೀರಿಕೊಂಡಿದ್ದ. ಮನೆಯಲ್ಲಿ ವೈನಿ, ಅವಳ ಮಗ, ಸೊಸೆ ಇದ್ದರು. ಮಗ ಬೋಟಿಗೆ ಹೋಗುತ್ತಾನೆ. ಸೊಸೆ ಮೀನು ಒಣಗಿಸಿ ಮಾರುತ್ತಾಳೆ. ಮೊದಲು ಆ ಕೆಲಸ ವೈನಿಯದಾಗಿತ್ತು.

ರೀಡರ್ ಕೊಂಡಿದ್ದು ನನ್ನ ಕಣ್ಣಿನ ಪೊರೆ ತೆಗೆಸಿದ ವರ್ಷ. ಹಳೆಯ ಕಾದಂಬರಿಗಳ ಸಣ್ಣ ಅಕ್ಷರ, ಹಳದಿ ಹಾಳೆ ನನಗೆ ಆಗುತ್ತಿರಲಿಲ್ಲ. ಇದರಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಜಗುಲಿಯ ಎದುರಿಗೆ ಮರಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದರೂ ಪುಟ ಕಣ್ಣಿಗೆ ಕುಕ್ಕುವುದಿಲ್ಲ. ಮಳೆಗಾಲದ ತೇವಕ್ಕೆ ಹಾಳೆ ಅಂಟಿಕೊಳ್ಳುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಓದಿದ ಜಾಗವನ್ನು ಅದೇ ನೆನಪಿಟ್ಟುಕೊಳ್ಳುತ್ತದೆ. ಇಂಥ ಅಚ್ಚುಕಟ್ಟು ನನಗೆ ಬಹಳ ಹಿಡಿಸಿತು. ಭಾನುವಾರ ಬೆಳಿಗ್ಗೆ ಚಾರ್ಜ್ ಮಾಡುವುದು, ಉಪ್ಪುಗಾಳಿ ಬಡಿಯದಂತೆ ಹತ್ತಿಬಟ್ಟೆಯ ಚೀಲದಲ್ಲಿ ಇಡುವುದು, ಸಾಬೂನಿನಲ್ಲಿ ಕೈ ತೊಳೆಯದೆ ಯಾರೂ ಮುಟ್ಟಬಾರದು ಎಂಬುದು ನಾನು ಮಾಡಿದ ನಿಯಮಗಳು.

ವೈನಿ ಅದನ್ನು ಶಾಲೆಯ ಸ್ಲೇಟಿನ ಹಾಗೆ ಪಾಟಿ ಎನ್ನುತ್ತಿದ್ದಳು. ಮೊದಲ ದಿನ ಕೈ ತೊಳೆದು ಬಂದು, ಸೆರಗಿಗೆ ಒರೆಸಿ, ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಇದ್ರಲ್ಲಿ ಪುಟ ಎಲ್ಲ ಇದ್ಯನೇ?"

"ಎಲ್ಲ ಇದೆ."

"ಕಡೇದೂ?"

"ಕಡೇದೂ ಇದೆ ವೈನಿ."

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ವೈನಿ ಏಳನೇ ಇಯತ್ತೆಯವರೆಗೆ ಕಲಿತವಳು, ಓದಿನ ಹುಚ್ಚಿನವಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ಪುಸ್ತಕ ಎಂದರೆ ಮೀನು ಕಟ್ಟುವ ರದ್ದಿ. ಅಂಕೋಲೆಯಲ್ಲಿ ಕಿಲೋ ಲೆಕ್ಕದಲ್ಲಿ ಹಳೆಯ ವಾರಪತ್ರಿಕೆ ಕೊಂಡು, ಒಣ ಬಂಗಡೆ, ಒಣ ಸೀಗಡಿಯ ಬುಟ್ಟಿಯ ಜೊತೆ ಹೊತ್ತು ಬಸ್ ಹತ್ತುತ್ತಿದ್ದಳು. ಸುಂಕಸಾಳದವರೆಗೂ ಹೋಗಿ ಮಾರಿ ಬರುತ್ತಿದ್ದಳು. ಪತ್ರಿಕೆಗಳಲ್ಲಿ ಧಾರಾವಾಹಿ ಕಾದಂಬರಿಗಳು ಬರುತ್ತಿದ್ದವು. ಹಾಳೆ ಹರಿಯುವ ಮೊದಲು ಅದನ್ನು ಓದಲೇಬೇಕು ಅವಳಿಗೆ. ಗಿರಾಕಿ ಎದುರು ನಿಂತು ಕಾಯಬೇಕು.

"ಏ ಬಾಯಿ, ಮೀನ್ ಕಟ್ಟಿ ಕೊಡ್ತ್ಯೋ, ಕತೆ ಓದ್ತ್ಯೋ?"

"ಎರಡೂ ಸೇರ್ಸಿ ಕೊಡ್ತೆ. ದುಡ್ಡು ಮೀನಿಗೆ ಮಾತ್ರ ಕೊಡು."

ಹೀಗೆ ಅವಳು ನೂರಾರು ಕಾದಂಬರಿಗಳ ನಡುವಿನ ತುಂಡುಗಳನ್ನು ಓದಿದ್ದಳು. ಮುಂದಿನ ವಾರದ ಕಂತು ಬೇರೆ ಯಾರದೋ ಮನೆಯ ಒಲೆಯ ಮುಂದೆ ಹೋಗಿರುತ್ತಿತ್ತು. ಒಂದು ಸಲ ಸುಂಕಸಾಳದ ಒಬ್ಬ ಹೆಂಗಸು ಮೀನು ಕಟ್ಟಿದ್ದ ಕಾಗದವನ್ನು ವಾಸನೆಯ ಸಮೇತ ಮಡಚಿಟ್ಟು, ಎರಡು ವಾರದ ಮೇಲೆ ವಾಪಸ್ ಕೊಟ್ಟಳಂತೆ: "ನೀ ಅವತ್ತು ಓದ್ತಿದ್ದದ್ರ ಮುಂದಿಂದು ಇದ್ರಲ್ಲಿತ್ತು, ತಕಾ." ಅದನ್ನು ವೈನಿ ತನಗೆ ಸಿಕ್ಕ ದೊಡ್ಡ ಉಡುಗೊರೆಯ ಹಾಗೆ ಹೇಳುತ್ತಿದ್ದಳು. ಹೇಳಿ ಮುಗಿಸಿ, "ಅದ್ರಲ್ಲೂ ಮುಗ್ದಿರ್ಲಿಲ್ಲ ನೋಡು" ಎಂದು ನಗುತ್ತಿದ್ದಳು.

ಈಗ ಅವಳ ಕಣ್ಣನ್ನು ಸಕ್ಕರೆ ಕಾಯಿಲೆ ತಿಂದಿತ್ತು. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ನಡುವೆ ಒಂದು ಕಪ್ಪು ಕಲೆ ಬಂದು ಕೂರುತ್ತದೆ ಎನ್ನುತ್ತಿದ್ದಳು. ಹಾಗಾಗಿ ನಾನು ಓದಿ ಹೇಳುವುದು ಎಂದಾಯಿತು. ದಿನಕ್ಕೆ ಒಂದು ಅಧ್ಯಾಯ. ಅಧ್ಯಾಯ ಸಣ್ಣದಿರಲಿ, ದೊಡ್ಡದಿರಲಿ, ಒಂದೇ. ಹೊಸ ಕಾದಂಬರಿ ಎತ್ತಿಕೊಂಡರೆ ಮೊದಲು ಇಡೀ ನಾನೇ ಓದಿ ಮುಗಿಸುತ್ತಿದ್ದೆ, ಬೆಳಗಿನ ಹೊತ್ತು. ಬಾಟಲಿಯ ಮೇಲಿನ ಚೀಟಿ ಓದದೆ ರೋಗಿಗೆ ಔಷಧ ಕೊಟ್ಟವಳಲ್ಲ ನಾನು. ಎಲ್ಲಿ ನಿಲ್ಲಿಸಬೇಕು, ಯಾವ ಹಳೆಯ ಪದಕ್ಕೆ ಅರ್ಥ ಹೇಳಬೇಕು ಎಲ್ಲ ಗೊತ್ತಿರಬೇಕು.

ಮೊದಮೊದಲು ವೈನಿ ಒಪ್ಪಿದಳು. ಆಮೇಲೆ ಚೌಕಾಸಿ ಶುರು ಮಾಡಿದಳು.

"ಇನ್ನೊಂದು ಓದೇ ಸಿಸ್ಟರಮ್ಮ. ಸಣ್ಣದೇ ಅಲ್ವನೇ ಇವತ್ತಿಂದು."

"ನಾಳೆ."

"ನಾಳೆ ಎರಡು ಓದ್ತ್ಯಾ?"

"ನಾಳೆ ಒಂದು."

"ನಿನ್ನ ಕೈಯಲ್ಲಿ ಸಾಯೂಕೆ ಬಿದ್ದ ರೋಗಿಗಳೂ ಟೈಮ್ ನೋಡ್ಕಂಡೇ ಸತ್ರೇನೋ!"

ನಾನು ಪಾಟಿಯನ್ನು ಚೀಲಕ್ಕೆ ಹಾಕಿ ದಾರ ಎಳೆಯುತ್ತಿದ್ದೆ. ಅವಳು ಬೈದುಕೊಂಡೇ ಎದ್ದು ಹೋಗಿ, ಅಡಿಗೆಮನೆಯಲ್ಲಿ ಸೊಸೆಗೆ ಆ ದಿನದ ಕತೆಯನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ನಾನು ಓದಿದ್ದಕ್ಕಿಂತ ಅದು ಚೆನ್ನಾಗಿರುತ್ತಿತ್ತು. ಜಗುಲಿಯಲ್ಲಿ ಕೂತೇ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಸುಖದ ಸಂಜೆಗಳು ಹಿಂದೆ ಇರಲಿಲ್ಲ. ಅದನ್ನು ಅವಳಿಗೆ ಹೇಳಿದವಳೂ ಅಲ್ಲ.

ಹದಿನಾಲ್ಕು ಕಾದಂಬರಿ ಹೀಗೆ ಮುಗಿದವು. ಒಂದೊಂದು ಮುಗಿದ ದಿನವೂ ವೈನಿ, "ಮುಗೀತು ಅಂದ್ರೆ ಹಿಂಗಿರ್ತದೆ ಅಲ್ಲ?" ಎನ್ನುತ್ತಿದ್ದಳು.

ಹದಿನೈದನೆಯದು ಒಬ್ಬ ನೇಕಾರನ ಹೆಂಡತಿಯ ಕತೆ. ನಲವತ್ತೆರಡು ಅಧ್ಯಾಯ. ಮನೆಯಲ್ಲಿ ಅತ್ತೆಯ ಬಂಗಾರದ ಸರ ಕಾಣೆಯಾಗುತ್ತದೆ. ಕದ್ದವಳು ನೀನೇ ಎಂದು ಅತ್ತೆ ಅನ್ನುತ್ತಾಳೆ, ಗಂಡನೂ ತಲೆ ತಗ್ಗಿಸಿ ಹೂಂ ಅನ್ನುತ್ತಾನೆ. ಅವಳು ಉಟ್ಟ ಸೀರೆಯಲ್ಲೇ ಹೊರಟುಹೋಗುತ್ತಾಳೆ. ಕೆಲವು ವರ್ಷದ ಮೇಲೆ ಸರ ಅಟ್ಟದ ಇಲಿಗೂಡಿನಲ್ಲಿ ಸಿಗುತ್ತದೆ. ಗಂಡ ಅವಳನ್ನು ಹುಡುಕಿಕೊಂಡು ಊರೂರು ತಿರುಗುತ್ತಾನೆ. ಅವಳು ಮನೆಗೆ ಮರಳುತ್ತಾಳೋ ಇಲ್ಲವೋ ಎಂಬುದೇ ಉಳಿದ ಕತೆ.

ಈ ಕತೆ ವೈನಿಯನ್ನು ಹಿಡಿದಂತೆ ಇನ್ನಾವುದೂ ಹಿಡಿಯಲಿಲ್ಲ. ಸೊಸೆಗೂ ಅವಳಿಗೂ ಪಂಥವೇ ಬಿದ್ದಿತ್ತು.

"ಬಂದೇ ಬತ್ತಾಳೆ ಆಯಿ. ಗಂಡ ಅಷ್ಟು ಅತ್ತುಕಂಡು ತಿರುಗ್ತಿದ್ದ. ಬರ್ದೇ ಇದ್ರೆ ಅದು ಕತೆ ಹೆಂಗಾಗ್ತದೆ?"

"ಎಂತಕ್ಕೆ ಬರೂದು? ಹೂಂ ಅಂದ ಬಾಯಿ ಅದೇ ಅಲ್ವನೇ? ಬಂದ್ರೆ ನಾನು ಆ ಕತೆ ಬರೆದವನ ಮನೆಗೆ ಹೋಗಿ ಬೈದು ಬತ್ತೆ."

"ಅವರು ಸತ್ತು ಎಷ್ಟೋ ವರ್ಷ ಆಯ್ತು ವೈನಿ" ಎಂದೆ ನಾನು.

"ಹಂಗಾರೆ ಅಲ್ಲೇ ಹೋಗಿ ಬೈತೆ."

ಮೂವರೂ ನಕ್ಕೆವು. ನನಗೆ ಕೊನೆ ಗೊತ್ತಿತ್ತು. ವೈನಿ ನನ್ನ ಮುಖವನ್ನೇ ನೋಡುತ್ತಿದ್ದಳು, ಏನಾದರೂ ಸುಳಿವು ಸಿಕ್ಕೀತೇ ಎಂದು. ವಾರ್ಡಿನಲ್ಲಿ ರಿಪೋರ್ಟ್ ಓದಿದ ಮೇಲೂ ರೋಗಿಯ ಎದುರು ಮುಖ ಬದಲಾಯಿಸದ ಅಭ್ಯಾಸ ನನಗಿದೆ. ಅವಳಿಗೆ ಏನೂ ಸಿಗಲಿಲ್ಲ.

ಮೂವತ್ತಾರನೇ ಅಧ್ಯಾಯ ಓದಿದ್ದು ಒಂದು ಬುಧವಾರ. ಅದರಲ್ಲಿ ಗಂಡನಿಗೆ, ನಿನ್ನ ಹೆಂಡತಿಯಂಥವಳೊಬ್ಬಳನ್ನು ಘಟ್ಟದಾಚೆಯ ಸಂತೆಯಲ್ಲಿ ಕಂಡೆ ಎಂದು ಒಬ್ಬ ಗಾಡಿಯವನು ಹೇಳುತ್ತಾನೆ. ಅಲ್ಲಿಗೆ ಅಧ್ಯಾಯ ಮುಗಿಯಿತು. ಇನ್ನೂ ಐದಾಗಲು ಇಪ್ಪತ್ತು ನಿಮಿಷವಿತ್ತು. ಮುಂದಿನದು ನಾಲ್ಕೇ ಪುಟದ ಅಧ್ಯಾಯ.

"ಇದೊಂದು ಓದೇ ಮಾರಾಯ್ತಿ. ಕಾಲಿಗೆ ಬೀಳ್ತೆ."

"ನಾಳೆ" ಎಂದು ಚೀಲದ ದಾರ ಎಳೆದೆ.

ಗುರುವಾರ ಬೆಳಿಗ್ಗೆ ಅವಳ ಕಾಲು ಊದಿತ್ತು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನನಗೆ ನೋಡಿದ ಕೂಡಲೇ ತಿಳಿಯಿತು. ರಿಕ್ಷಾ ಮಾಡಿ ಸೇತುವೆ ದಾಟಿಸಿ ಕಾರವಾರದ ಆಸ್ಪತ್ರೆಗೆ ಸೇರಿಸಿದೆವು. ಹೃದಯ ಸೋತಿತ್ತು, ಮೂತ್ರಪಿಂಡಗಳೂ ಸೋಲುತ್ತಿದ್ದವು. ವೈದ್ಯರು ಒಳ್ಳೆಯವರು, ಮಾಡಬಹುದಾದದ್ದನ್ನೆಲ್ಲ ಮಾಡಿದರು. ಹಳೆಯ ನರ್ಸ್ ಎಂದು ನನಗೆ ಪಕ್ಕದಲ್ಲಿ ಕೂರಲು ಬಿಟ್ಟರು.

ಶುಕ್ರವಾರ ಅವಳಿಗೆ ಸ್ವಲ್ಪ ಹಗುರಾಯಿತು. ಗಡಿಯಾರದ ಕಡೆ ನೋಡಿ, ಹೊತ್ತು ಎಷ್ಟಾಯಿತು ಎಂದು ಕೇಳಿದಳು. ನಾಲ್ಕೂವರೆ ಎಂದೆ.

"ಪಾಟಿ ತಂದಿದ್ಯನೇ?"

"ಇಲ್ಲ. ಇಲ್ಲಿಗೆ ಅದೆಲ್ಲ ತರಬಾರದು."

"ಇರ್ಲಿ. ಬಾಯಲ್ಲೇ ಹೇಳು. ಅವ್ಳು ಬತ್ತಾಳೋ ಇಲ್ಲೋ?"

"ಮನೆಗೆ ಬಾ, ಓದ್ತೇನೆ. ಇನ್ನು ಆರೇ ಅಧ್ಯಾಯ. ಆರು ದಿನ."

"ಆರು ದಿನ ಜಾಸ್ತಿ ಆಯ್ತು ಗೋ."

"ಹಾಗೆಲ್ಲ ಮಾತಾಡಬಾರದು."

"ಇಡೀ ಕತೆ ಬ್ಯಾಡ. ಬತ್ತಾಳೆ, ಇಲ್ಲ. ಒಂದು ಶಬ್ದ ಹೇಳು ಸಾಕು."

"ಕ್ರಮವಾಗಿ ಕೇಳಿದರೇ ಚೆಂದ ವೈನಿ. ನಡುವೆ ಹೇಳಿದರೆ ಕತೆ ಕೆಡುತ್ತದೆ."

"ನಿನ್ನ ಕ್ರಮಕ್ಕೆ ಬೆಂಕಿ ಬೀಳ" ಎಂದು ನಕ್ಕಳು. ನಕ್ಕಿದ್ದಕ್ಕೆ ಕೆಮ್ಮು ಬಂತು.

ಬರೀ ಹಟದಿಂದ ನಾನು ಹೀಗೆ ಮಾಡಿದೆ ಎಂದು ಯಾರೂ ತಿಳಿಯಬಾರದು. ಅಂಕೋಲೆಯ ವಾರ್ಡಿನಲ್ಲಿ ನಾನು ಕಂಡದ್ದಿತ್ತು. ಕಡಲಿಗೆ ಹೋದ ಮಗನ ದಾರಿ ನೋಡುತ್ತಾ ಒಬ್ಬ ಮುದುಕ, ಇವತ್ತೋ ನಾಳೆಯೋ ಎಂದು ಎಲ್ಲರೂ ಕೈಬಿಟ್ಟವನು, ಹನ್ನೊಂದು ದಿನ ಉಳಿದ. ಮಗ ಬಂದು ಕೈ ಹಿಡಿದ ಮೇಲೆ ಒಂದು ತಾಸೂ ಇರಲಿಲ್ಲ. ಮೊಮ್ಮಗುವಿನ ಹೆಸರಿಡುವ ದಿನಕ್ಕೆ ಕಾದವರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರು, ಇಂಥವರನ್ನು ಕಂಡು ಕಂಡು ನನ್ನಲ್ಲಿ ಒಂದು ನಂಬಿಕೆ ಗಟ್ಟಿಯಾಗಿತ್ತು. ಕಾಯಲು ಏನಾದರೂ ಇದ್ದರೆ ರೋಗಿ ಉಳಿಯುತ್ತಾನೆ, ಕಾದದ್ದು ಕೈಗೆ ಬಂದರೆ ಹೊರಡುತ್ತಾನೆ. ಕಿರಿಯ ನರ್ಸುಗಳಿಗೂ ಇದನ್ನು ಹೇಳಿಕೊಟ್ಟಿದ್ದೆ. ವೈನಿಗೆ ಕೊನೆ ಹೇಳಿಬಿಟ್ಟರೆ ನಾನೇ ಬಾಗಿಲು ತೆರೆದು ಕಳಿಸಿದಂತೆ ಎಂದು ನನಗೆ ಅನಿಸಿತು. ಇನ್ನೊಂದೂ ಇತ್ತು. ಒಂದು ವರ್ಷ ಎಂಟು ತಿಂಗಳು ನಿಯಮ ಮುರಿಯದವಳು ಅಂದು ಮುರಿದರೆ, ಅದರ ಅರ್ಥವೇನೆಂದು ಅವಳಿಗೆ ತಕ್ಷಣ ತಿಳಿಯುತ್ತಿತ್ತು. ಅವಳು ದಡ್ಡಿಯಲ್ಲ.

ಶನಿವಾರ ಮಧ್ಯಾಹ್ನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಮಾತು ನಿಂತಿತು. ಕಣ್ಣು ಮಾತ್ರ ನನ್ನ ಮೇಲಿತ್ತು. ಸರಿಯಾಗಿ ಕಾಣುತ್ತಿತ್ತೋ ಇಲ್ಲವೋ, ನನ್ನ ಕಡೆ ತಿರುಗಿ ಹುಬ್ಬು ಎತ್ತಿದಳು. ಜಗುಲಿಯಲ್ಲಿ ನಾನು ಓದು ನಿಲ್ಲಿಸಿದಾಗ, ಆಮೇಲೆ, ಎಂದು ಕೇಳುತ್ತಿದ್ದ ಹಾಗೆ. ನನಗೆ ಅರ್ಥವಾಗಲಿಲ್ಲ ಎಂಬಂತೆ ನಾನು ಎದ್ದು ಅವಳ ಹಾಸಿಗೆಯ ಚಾದರದ ಮೂಲೆ ಸರಿ ಮಾಡಿದೆ. ಅದು ಸರಿಯಾಗಿಯೇ ಇತ್ತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಹೋದಳು.

ಹತ್ತರ ದಿನ ಮನೆಯ ಹಿಂದಿನ ದಂಡೆಯಲ್ಲಿ ಪಿಂಡ ಇಟ್ಟರು. ಬಾಳೆ ಎಲೆಯ ಮೇಲೆ ಅನ್ನ, ಪಕ್ಕದಲ್ಲಿ ಅವಳಿಗೆ ಸೇರುತ್ತಿದ್ದ ಪದಾರ್ಥಗಳು. ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎಂದು ಲೆಕ್ಕ. ಆಗ ಮನೆಯವರು ಒಬ್ಬೊಬ್ಬರೇ ಮುಂದೆ ಬಂದು, ಅದನ್ನು ನಾವು ನಡೆಸಿಕೊಡುತ್ತೇವೆ ಎಂದು ಮಾತು ಕೊಡುತ್ತಾರೆ. ಮೀನು ಒಣಗಿಸುವ ಊರು, ಕಾಗೆಗಳಿಗೆ ಬರವಿಲ್ಲ. ತೆಂಗಿನ ಗರಿಗಳ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ.

ವೈನಿಯ ಮಗ ಕೈ ಮುಗಿದು, "ಆಯಿ, ಮನೆಯ ಹಿಂದಿನ ಗೋಡೆ ಈ ವರ್ಷ ಕಟ್ಟಿಸ್ತೆ" ಎಂದ. ಕಾಗೆ ಬರಲಿಲ್ಲ. "ಕುಡೂದು ಬಿಟ್ಟೆ ಆಯಿ, ನಿನ್ನಾಣೆ" ಎಂದ. ಹಿಂದೆ ನಿಂತ ಯಾರೋ, "ಅದನ್ನ ಕಾಗೆಯೂ ನಂಬೂದಿಲ್ಲ" ಎಂದು ಮೆಲ್ಲಗೆ ಅಂದರು. ಸೊಸೆ ಅಳುತ್ತಲೇ, ಮೀನಿನ ವ್ಯಾಪಾರ ಬಿಡುವುದಿಲ್ಲ, ನಡೆಸಿಕೊಂಡು ಹೋಗುತ್ತೇನೆ ಎಂದಳು. ಬಿಸಿಲು ಏರುತ್ತಿತ್ತು. ಭಟ್ಟರು ಎರಡು ಸಲ ಆಕಾಶ ನೋಡಿದರು.

ಆಗ ವೈನಿಯ ಮಗ ನನ್ನ ಕಡೆ ತಿರುಗಿದ.

"ಅತ್ತೆ, ಕಡೇವರೆಗೂ ನೀವೇ ಹತ್ರ ಇದ್ರಿ. ಆಯಿಗೆ ಏನಾದ್ರೂ ಆಸೆ ಇತ್ತಾ? ನಿಮ್ಮ ಹತ್ರ ಏನಾದ್ರೂ ಕೇಳಿದ್ಲಾ?"

ಎಲ್ಲರೂ ನನ್ನನ್ನು ನೋಡಿದರು. ಕಾಗೆ, ಪಿಂಡ ಇದೆಲ್ಲವನ್ನೂ ನಾನು ನಂಬಿದವಳಲ್ಲ. ಆದರೂ ಆ ಕ್ಷಣದಲ್ಲಿ ಉತ್ತರ ನನ್ನ ಬಾಯಲ್ಲಿತ್ತು. ಎರಡು ಹೆಜ್ಜೆ ಮುಂದೆ ಹೋಗಿ ಆ ಎಲೆಯ ಮುಂದೆ ನಿಂತು ಹೇಳಿಬಿಡಬಹುದಿತ್ತು. ಹೇಳಿದರೆ ಜನ ಕೇಳುತ್ತಿದ್ದರು: ಕೇಳಿದಾಗ ಯಾಕೆ ಹೇಳಲಿಲ್ಲ?

"ಇಲ್ಲ" ಎಂದೆ. "ಏನೂ ಕೇಳಲಿಲ್ಲ."

ಇನ್ನೂ ಸ್ವಲ್ಪ ಕಾದು, ಭಟ್ಟರು ದರ್ಭೆಯಿಂದ ಒಂದು ಕಾಗೆ ಮಾಡಿದರು. ಅದನ್ನೇ ಪಿಂಡಕ್ಕೆ ಮುಟ್ಟಿಸಿ, ಆಯಿತು, ಏಳಿ ಎಂದರು. ಎಲ್ಲರೂ ಎದ್ದರು.

ನಾನು ಈಗಲೂ ನಾಲ್ಕೂಕಾಲಿಗೆ ಓದುತ್ತೇನೆ. ಓದುವುದನ್ನು ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲ ತಿಂಗಳು ಪಾಟಿಯನ್ನು ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಚಾರ್ಜಿಗೆ ಹಾಕಿದೆ, ಸೋಮವಾರ ಹೊಸದೊಂದು ಹಳೆಯ ಕಾದಂಬರಿ ತೆಗೆದೆ. ಚೆನ್ನಾಗಿತ್ತು. ಹತ್ತು ಪುಟ ಹೋಗುವಷ್ಟರಲ್ಲಿ ಎಲ್ಲವನ್ನೂ ಮರೆತು ಓದುತ್ತಿದ್ದೆ. ಅಧ್ಯಾಯ ಮುಗಿದಾಗ ಪಕ್ಕಕ್ಕೆ ತಿರುಗಿದೆ. ಅವಳ ಮಣೆ ಖಾಲಿ ಇತ್ತು. ದಿನಾ ಹೀಗೆಯೇ ಆಗುತ್ತದೆ. ಓದುವಷ್ಟು ಹೊತ್ತು ಸುಖ, ನಿಲ್ಲಿಸಿದ ಕೂಡಲೇ ತಿರುಗುತ್ತೇನೆ. ನೇಕಾರನ ಹೆಂಡತಿಯ ಕತೆ ಪಟ್ಟಿಯಲ್ಲಿ ಹಾಗೆಯೇ ಇದೆ. ಅದರ ಕೆಳಗೆ ಶೇಕಡಾ ಎಂಬತ್ತೈದು ಎಂದು ತೋರಿಸುತ್ತದೆ. ಅಳಿಸುವುದು ಹೇಗೆಂದು ಗೊತ್ತಿದೆ, ಅಳಿಸಿಲ್ಲ.

ಹೋದ ವಾರ ಅಂಗಳದಲ್ಲಿ ಸೊಸೆ ಸೀಗಡಿ ಹರಡುತ್ತಿದ್ದಳು. ನಾನು ಕಾಗೆ ಓಡಿಸಲು ಕೋಲು ಹಿಡಿದು ಕೂತಿದ್ದೆ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಅತ್ತೆ, ಆ ನೇಕಾರನ ಹೆಂಡ್ತಿ ಕಡೆಗೆ ಬಂದ್ಲಾ?"

ಹೇಳಿದೆ. ಗಂಡ ಆ ಸಂತೆಗೆ ಹೋಗುತ್ತಾನೆ. ಅವಳು ಅಲ್ಲಿ ಮಜ್ಜಿಗೆ ಮಾರುತ್ತಿರುತ್ತಾಳೆ. ಅವನನ್ನು ಗುರುತಿಸಿಯೂ ಏನೂ ಅನ್ನದೆ ಒಂದು ಲೋಟ ಮಜ್ಜಿಗೆ ಕೊಡುತ್ತಾಳೆ. ಎಲ್ಲರ ಹತ್ತಿರ ತೆಗೆದುಕೊಳ್ಳುವ ಹಾಗೆ ಅವನ ಹತ್ತಿರವೂ ಕಾಸು ತೆಗೆದುಕೊಂಡು, ಮುಂದಿನ ಗಿರಾಕಿಯನ್ನು ಕರೆಯುತ್ತಾಳೆ. ಅಷ್ಟೇ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಸೊಸೆ ಮೊದಲು ನಕ್ಕಳು. "ಹಂಗಾರೆ ಆಯಿಯೇ ಗೆದ್ಲು! ಮಜ್ಜಿಗೆಗೆ ಕಾಸು ತಕಂಡ್ಳಾ? ಇದನ್ನ ಕೇಳಿದ್ರೆ ಆಯಿ ಕುಣೀತಿದ್ಲು."

"ಹೌದು" ಎಂದೆ.

ಅವಳು ಇನ್ನೊಂದು ಮುಷ್ಟಿ ಸೀಗಡಿ ಹರಡಿ, ಆಮೇಲೆ ನಿಂತಳು.

"ನೀವು ಆಮೇಲೆ ಓದಿದ್ರಾ ಅತ್ತೆ? ಇಲ್ಲ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಮೊದಲೇ ಗೊತ್ತಿತ್ತು."

"ಆಸ್ಪತ್ರೆಯಲ್ಲಿದ್ದಾಗೂ?"

"ಹೂಂ."

"ಆಯಿ ಕೇಳಿರ್ಬೇಕಲ್ಲ? ಅದನ್ನ ಕೇಳ್ದೇ ಇರೂ ಹೆಂಗ್ಸಲ್ಲ ಅದು."

ನಾನು ಕೋಲನ್ನು ಮಡಿಲಲ್ಲಿ ಇಟ್ಟುಕೊಂಡೆ. ಅವಳು ನನ್ನ ಮುಖವನ್ನು ನೋಡುತ್ತಾ ನಿಂತಿದ್ದಳು. ಈ ಸಲ ಮುಖ ನನ್ನ ಮಾತು ಕೇಳಲಿಲ್ಲ ಎಂದು ತೋರುತ್ತದೆ. ಅವಳು ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು. ಬಿಸಿಲಿನಲ್ಲಿ ಸೀಗಡಿ ಹಾಗೆಯೇ ಇತ್ತು. ಕಾಗೆಗಳು ಒಂದೊಂದೇ ಇಳಿದು ಬಂದವು, ನಾನು ಓಡಿಸಲಿಲ್ಲ.